ಪುಟ್ಟಿಗೆ, ಆ ಕಾಲಿನ ನರದ ವಿಷ್ಯ

ಪುಟ್ಟಿ,

ನಿನ್ ಮೆಸೇಜ್ ನಿನ್ನೆ ರಾತ್ರಿ ಊಟ ಆದ್ಮೇಲೆ ಓದ್ದೆ. ಪಿಜಿ ಸಾರು ನೀರು ನೀರು, ಹಬ್ಬದ ಸೀಸನ್ ಅಂತ ರಜಾ ಇಲ್ಲ, ನಿಮ್ಮಮ್ಮನ ಸಿಡುಕು, ಎಲ್ಲಾ ಬರ್ದು ಮಧ್ಯದಲ್ಲಿ ಒಂದು ಸಾಲು ತುರುಕಿದ್ದೀಯಲ್ಲ, "ಕಾಲಲ್ಲಿ ನರ ಹಗ್ಗದ ಥರ ಉಬ್ಬಿದೆ ದೊಡ್ಡಮ್ಮ, ಅಂಗಡೀಲಿ ನಿಂತಿರುವಾಗ್ಲೇ ಒಡ್ದೋದ್ರೆ?" ಅಂತ. ಉಳಿದಿದ್ದೆಲ್ಲಾ ಮರ್ತೋಯ್ತು. ಎರಡು ಗಂಟೇಗೆ ಎದ್ದು ನೀರು ಕುಡ್ದು ಮತ್ತೆ ಅದನ್ನೇ ಓದ್ದೆ.

ಒಡೆಯಲ್ಲ ಅಂತ ಒಂದೇ ಮಾತಲ್ಲಿ ಬರ್ದು ಮುಗಿಸ್ಬೋದಿತ್ತು. ನನ್ ಕೈಲಿ ಆಗ್ತಿಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ನಾವು ಎಲ್ಲದಕ್ಕೂ ನರ ಅಂತೀವಿ ನೋಡು. ರಕ್ತ ತೆಗೆಯೋಕೆ ಸೂಜಿ ಚುಚ್ಚೋದೂ ನರಕ್ಕೆ, ಬೆನ್ನು ಹಿಡ್ಕೊಂಡ್ರೂ ನರ, ಕೈ ನಡುಗಿದ್ರೂ ನರದ ವೀಕ್‌ನೆಸ್ಸು. ಅರ್ಧ ಭಯ ಆ ಪದದ್ದೇ ಇರ್ಬೇಕು. ನಿನ್ ಕಾಲಲ್ಲಿ ಉಬ್ಬಿರೋದು ವೇನ್, ರಕ್ತಾನ ಹಾರ್ಟಿಗೆ ವಾಪಸ್ ಒಯ್ಯೋ ನಾಳ, ಪುಸ್ತಕದ ಭಾಷೇಲಿ ಅಭಿಧಮನಿ. ಹಾರ್ಟಿಂದ ರಕ್ತ ತರೋ ಅಪಧಮನಿ ಬೇರೆ, ಅದರ ಗೋಡೆ ದಪ್ಪ, ಹಾರ್ಟ್ ಹಿಂಡಿದಾಗ್ಲೆಲ್ಲಾ ಬರೋ ಹೊಡೆತ ತಡ್ಕೋಬೇಕಲ್ಲ. ವೇನಿಗೂ ಮೂರು ಪದರ ಇದೆ, ಆದ್ರೆ ನಡುವಿನ ಸ್ನಾಯು ಪದರ ತೆಳ್ಳಗೆ, ಹಂಗಾಗಿ ಹಿಗ್ಗುತ್ತೆ. ಹಿಗ್ಗೋದೇ ಅದರ ಗುಣ, ಮೈಯಲ್ಲಿರೋ ರಕ್ತದಲ್ಲಿ ಅರ್ಧಕ್ಕಿಂತ ಜಾಸ್ತಿ ಯಾವಾಗ್ಲೂ ವೇನುಗಳಲ್ಲೇ ಇರುತ್ತೆ. ಉಬ್ಬಿದೆ ಅಂದ್ರೆ ಒಡೆಯೋಕೆ ಕಾಯ್ತಿದೆ ಅಂತಲ್ಲ.

ಪಾದದಿಂದ ಎದೆಗೆ ರಕ್ತ ಹತ್ಬೇಕಲ್ಲ, ಹಾರ್ಟಿನ ನೂಕು ಲೋಮನಾಳಗಳಲ್ಲಿ ನುಸುಳಿ ಈಚೆ ಬರೋ ಹೊತ್ತಿಗೆ ಸೋತೋಗಿರುತ್ತೆ (ಆ ನಾಳ ಎಷ್ಟು ಸಣ್ಣ ಅಂದ್ರೆ ರಕ್ತಕಣಗಳು ಒಂದರ ಹಿಂದೆ ಒಂದು ಮೈ ಮಡಚ್ಕೊಂಡು ಹೋಗ್ಬೇಕು). ಅಲ್ಲಿಂದ ಮೇಲಕ್ಕೆ ಎತ್ತೋದು ಮುಖ್ಯವಾಗಿ ಮೀನಖಂಡ. ಬಾವಿಯಿಂದ ನೀರೆತ್ತೋ ಏತದ ಥರ, ನಮ್ ತೋಟದ್ದನ್ನ ನೀನು ನೋಡಿಲ್ಲ, ನೀನು ಹುಟ್ಟೋ ಹೊತ್ತಿಗೆ ಪಂಪ್‌ಸೆಟ್ ಬಂದಿತ್ತು. ನಡೆಯುವಾಗ ಮೀನಖಂಡ ವೇನನ್ನ ಹಿಂಡುತ್ತೆ, ರಕ್ತ ಮೇಲೆ ಹೋಗುತ್ತೆ, ಒಳಗಿರೋ ಜೇಬಿನಂಥ ಕವಾಟ ಮುಚ್ಕೊಂಡು ವಾಪಸ್ ಇಳಿಯದ ಹಾಗೆ ತಡೆಯುತ್ತೆ. ಅಲ್ಲಾಡದೆ ನಿಂತ್ರೆ ಪಾದದ ಹತ್ರದ ವೇನಲ್ಲಿ ಒತ್ತಡ ಸುಮಾರು 90 ಮಿ.ಮೀ. ಪಾದರಸ, ಕವಾಟ ಸರಿ ಇರೋರು ನಡೆಯೋಕೆ ಶುರು ಮಾಡಿದ್ರೆ 30ರ ಒಳಗೆ ಬಂದ್ಬಿಡುತ್ತೆ. ನೀನು ಹತ್ತು ಗಂಟೆ ಹೊತ್ತು ಕೌಂಟರ್ ಹಿಂದೆ ಏತ ನಿಲ್ಸಿ ನಿಂತಿರ್ತೀಯ. ಹಿಗ್ಗಿ ಹಿಗ್ಗಿ ಕವಾಟದ ಎರಡು ಎಸಳು ಒಂದಕ್ಕೊಂದು ತಾಗಲ್ಲ, ಮೇಲಿನ ರಕ್ತ ಕೆಳಗೆ ಸೋರುತ್ತೆ, ಇನ್ನೂ ಹಿಗ್ಗುತ್ತೆ, ಸುರುಳಿ ಸುತ್ಕೊಳ್ಳುತ್ತೆ. ವಂಶದಲ್ಲೂ ಬರುತ್ತೆ, ನಮ್ಮನೇಲಿ ಯಾರ್ಯಾರಿಗಿದೆ ಅಂತ ನಿನಗೇ ಗೊತ್ತು.

ನೋಡು, ಮತ್ತೆ ಪಾಠ ಮಾಡ್ತಿದೀನಿ. 31 ವರ್ಷದ ಚಾಳಿ. ಪ್ರತಿ ವರ್ಷ ಈ ಪಾಠ ಬಂದಾಗ ಒಬ್ಬ ತೆಳ್ಳಗಿನ ಹುಡುಗನ್ನ ಕರ್ದು ತೋಳಿಗೆ ಟೇಪು ಕಟ್ಟಿ, ಮುಂಗೈ ವೇನ್ ಉಬ್ಬೋದನ್ನ ಕ್ಲಾಸಿಗೆಲ್ಲಾ ತೋರಿಸ್ತಿದ್ದೆ. ಬೆರಳಲ್ಲಿ ಒತ್ತಿ ರಕ್ತ ಮೇಲಕ್ಕೆ ಸವರಿದ್ರೆ ಖಾಲಿ ಆದ ಜಾಗಕ್ಕೆ ಮೇಲಿಂದ ರಕ್ತ ವಾಪಸ್ ಬರಲ್ಲ, ಕವಾಟ ಬಿಡಲ್ಲ. 1628ರಲ್ಲಿ ವಿಲಿಯಂ ಹಾರ್ವೆ ತನ್ನ ಪುಸ್ತಕದಲ್ಲಿ ಇದನ್ನೇ ಚಿತ್ರ ಸಮೇತ ತೋರ್ಸಿದ್ದ. ಹಗುರಾಗಿ ಕಟ್ಟಿದ್ರೆ ಒಳಗಿರೋ ಅಪಧಮನಿ ಮುಚ್ಚಲ್ಲ, ಮೇಲಿನ ವೇನ್ ಮಾತ್ರ ಮುಚ್ಚುತ್ತೆ, ರಕ್ತ ಬರ್ತಾನೇ ಇರುತ್ತೆ, ವಾಪಸ್ ಹೋಗೋಕೆ ದಾರಿ ಇಲ್ಲ. ಚೆನ್ನಾಗಿ ಹೇಳ್ತಿದ್ದೆ ಪುಟ್ಟಿ, ಮಕ್ಕಳು ಬಾಯಿ ಬಿಟ್ಕೊಂಡು ಕೇಳ್ತಿದ್ವು.

ಅವ್ವನಿಗೆ ಬಚ್ಚಲಲ್ಲಿ ಕಾಲಿನ ನರ ಒಡೆದಿದ್ದು ನಿನಗೂ ಗೊತ್ತು, ಅದನ್ನ ಮತ್ತೆ ಬರೆಯಲ್ಲ. ಆದ್ರೆ ಅವತ್ತು ನಾನೇನು ಮಾಡ್ದೆ ಅನ್ನೋದನ್ನ ನಿಮ್ಮಮ್ಮನಿಗೂ ಹೇಳಿಲ್ಲ. ಅವ್ವನ್ನ ಎತ್ತಿ ಕುರ್ಚಿ ಮೇಲೆ ಕೂರಿಸ್ದೆ. ಕಾಲು ಕೆಳಗೆ ಇಳಿಬಿದ್ದಿತ್ತು. ಸೀರೆ ಅಂಚು ಹರ್ದು ಮೊಣಕಾಲಿನ ಕೆಳಗೆ ಕಟ್ದೆ, ಬಿಗಿಯಾಗೂ ಅಲ್ಲ ಸಡಿಲಾನೂ ಅಲ್ಲ, ಕ್ಲಾಸಲ್ಲಿ ಆ ಹುಡುಗರ ತೋಳಿಗೆ ಕಟ್ತಿದ್ದ ಹಾಗೇ. ರಕ್ತ ಇನ್ನೂ ಜಾಸ್ತಿ ಆಯ್ತು. ನಾನು ಇನ್ನೊಂದು ಬಟ್ಟೆ ತಂದೆ. ಹಿಂದಿನ ಬೀದಿ ನರ್ಸಮ್ಮ ಓಡ್ಬಂದು ಕಟ್ಟು ಬಿಚ್ಚಿ ಬಿಸಾಕಿ ಅವ್ವನ್ನ ನೆಲದ ಮೇಲೆ ಮಲಗಿಸಿ, ಕಾಲನ್ನ ಅಕ್ಕಿ ಮೂಟೆ ಮೇಲಿಟ್ಟು, ಮಡಚಿದ ಬಟ್ಟೇಲಿ ಆ ಜಾಗ ಒತ್ತಿ ಹಿಡ್ಕೊಂಡ್ಳು. ನಿಂತೋಯ್ತು. ಸ್ವಲ್ಪ ಹೊತ್ತಿಗೆ ನಿಂತೋಯ್ತು ಪುಟ್ಟಿ. ನರ್ಸಮ್ಮ ನನ್ನೇನೂ ಅನ್ಲಿಲ್ಲ, ಅಂದಿದ್ರೆ ಚೆನ್ನಾಗಿರ್ತಿತ್ತು.

ಅದಕ್ಕೇ ಒಡೆಯಲ್ಲ ಅಂತ ಬರೆಯೋಕೆ ಕೈ ಬರ್ಲಿಲ್ಲ. ಅವ್ವಂದು ಇಪ್ಪತ್ತು ವರ್ಷದ್ದು, ಒಳಗಡೆ ಕಾಲ್ಗಂಟಿನ ಹತ್ರ ಚರ್ಮ ಕಪ್ಪಾಗಿ ಕಾಗದದ ಥರ ತೆಳ್ಳಗಾಗಿತ್ತು, ಗಾಯ ವಾಸಿ ಆಗೋದು ಮತ್ತೆ ಬಾಯಿ ಬಿಡೋದು. ನಿನ್ನದು ಹಂಗಲ್ಲ ಅನ್ಕೊಂಡಿದೀನಿ. ಸುಮ್ನೆ ನಿಂತಿದ್ದಕ್ಕೆ ಒಡೆಯೋದು ಅಪರೂಪ. ಒಂದ್ವೇಳೆ, ಒಂದ್ವೇಳೆ ಅಷ್ಟೇ, ಗಾಯ ಆಗಿ ರಕ್ತ ಬಂದ್ರೆ ಎಲ್ಲಿದೀಯೋ ಅಲ್ಲೇ ಮಲಗು, ಕಾಲು ಎದೆಗಿಂತ ಮೇಲೆ ಇರ್ಲಿ, ಒತ್ತಿ ಹಿಡ್ಕೊ, ಯಾರಾದ್ರೂ ನನ್ನ ಹಾಗೆ ಗಾಯದ ಮೇಲ್ಗಡೆ ಕಾಲಿಗೆ ಕಟ್ಟೋಕೆ ಬಂದ್ರೆ ಬೇಡ ಅನ್ನು. ಆಮೇಲೆ ಆಸ್ಪತ್ರೆಗೆ ಹೋಗು. ಅಂಗಡಿ ತುಂಬಾ ಜನ ಇದ್ರೂ ಮಲಗು, ನಾಚ್ಕೋಬೇಡ.

ಡಾಕ್ಟ್ರಿಗೆ ತೋರ್ಸು, ವೇನಲ್ಲಿ ರಕ್ತ ಹೆಂಗೆ ಹರೀತಿದೆ ಅಂತ ತೋರ್ಸೋ ಡಾಪ್ಲರ್ ಸ್ಕ್ಯಾನ್ ಮಾಡ್ತಾರೆ, ನೋವಿಲ್ಲ, ಜೆಲ್ ಹಚ್ಚಿ ನೋಡೋದಷ್ಟೇ. ಬಿಗಿ ಕಾಲುಚೀಲ ಅವರೇ ಅಳತೆ ಹೇಳ್ತಾರೆ, ಬೆಳಿಗ್ಗೆ ಎದ್ದ ತಕ್ಷಣ ಹಾಕ್ಕೋಬೇಕಂತೆ, ಸೆಖೆ ಆಗುತ್ತೆ, ನಾನೇ ಎಷ್ಟೋ ದಿನ ಹಾಕಲ್ಲ, ನಿಂಗೆ ಹೇಳೋಕೆ ನಂಗೇನು ಮುಖ ಇದೆ. ಲೇಸರ್, ಆಪರೇಷನ್ ಮಾಡಿ ಆ ವೇನ್ ಮುಚ್ತೀವಿ, ತೆಗೀತೀವಿ ಅಂದ್ರೆ ಹೆದರ್ಬೇಡ. ನಿಮ್ ದೊಡ್ಡಪ್ಪಂಗೆ ಬೈಪಾಸ್ ಮಾಡಿದಾಗ ಕಾಲಿನ ಆ ಉದ್ದ ವೇನನ್ನೇ ತೆಗ್ದು ಹಾರ್ಟಿಗೆ ಹೊಲಿದ್ರಲ್ಲ, ತಲೆಕೆಳಗು ಮಾಡಿ ಹೊಲೀತಾರೆ ಗೊತ್ತಾ, ಇಲ್ಲಾಂದ್ರೆ ಅದರದ್ದೇ ಕವಾಟ ರಕ್ತಕ್ಕೆ ಅಡ್ಡ ಬರುತ್ತೆ. ಅವರ ಕಾಲು ಇವತ್ತಿಗೂ ದಿನಾ ಹಾಲಿನ ಡೈರಿಗೆ ಹೋಗಿ ಬರ್ತಿದೆ, ಒಳಗಡೆ ಆಳದ ವೇನುಗಳೇ ಹೆಚ್ಚಿನ ರಕ್ತ ಸಾಗಿಸೋದು. ಆ ಆಳದ್ದರಲ್ಲಿ ರಕ್ತ ಹೆಪ್ಪುಗಟ್ಟೋದೇ ನಿಜವಾದ ಕಷ್ಟ. ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿ ನೋವು ಬಂದ್ರೆ ಅವತ್ತೇ ಹೋಗು, ಉಸಿರು ಕಟ್ಟಿದ್ರಂತೂ ಒಂದು ನಿಮಿಷ ಕಾಯ್ಬೇಡ. ಬರೀಬಾರ್ದು ಅನ್ಕೊಂಡಿದ್ದೆ, ಬರ್ದೆ.

ಇನ್ನು ಆ ಸ್ಟೂಲ್ ವಿಷ್ಯ. ಕೂತ್ರೆ ಕಸ್ಟಮರ್‌ಗೆ ಮರ್ಯಾದೆ ಕೊಟ್ಟಂಗಲ್ಲ ಅಂತಾರಂತಲ್ಲ ನಿಮ್ಮವರು. ಕೇರಳದಲ್ಲಿ ನಿನ್ನ ಹಾಗೇ ಸೀರೆ ಅಂಗಡೀಲಿ ನಿಲ್ಲೋ ಹೆಣ್ಮಕ್ಳು ವರ್ಷಗಟ್ಲೆ ಹೋರಾಡಿ 2018ರಲ್ಲಿ ಕೂರೋದಕ್ಕೇ ಕಾನೂನು ಮಾಡಿಸ್ಕೊಂಡ್ರು, 2021ರಲ್ಲಿ ತಮಿಳುನಾಡಲ್ಲೂ ಬಂತು. ನೀನು ಹೋಗಿ ಜಗಳ ಆಡು ಅಂತ ನಾನು ಹೇಳ್ತಿಲ್ಲ, ಕೆಲಸ ಹೋದ್ರೆ ನಿಮ್ಮಮ್ಮ ನನ್ನ ಸುಮ್ನೆ ಬಿಡ್ತಾಳಾ. ನಿಂತಲ್ಲೇ ಹಿಮ್ಮಡಿ ಎತ್ತಿ ಎತ್ತಿ ಇಳಿಸ್ತಿರು, ಕೌಂಟರ್ ಹಿಂದೆ ಯಾರಿಗೂ ಕಾಣಲ್ಲ.

ರಾತ್ರಿ ಎರಡು ದಿಂಬಿನ ಮೇಲೆ ಕಾಲಿಟ್ಕೊ. ಅವ್ವ ಒಂದು ದಿನಾನೂ ಹಂಗೆ ಇಟ್ಕೊಳ್ಲಿಲ್ಲ. ಹಿರಿಯರ ಮುಂದೆ ಕಾಲು ಚಾಚ್ಬಾರ್ದು, ದೇವರ ಮನೆ ಕಡೆ ಚಾಚ್ಬಾರ್ದು, ನಮ್ಮನೇಲಿ ಕಾಲು ಚಾಚೋಕೆ ದಿಕ್ಕೇ ಇರ್ಲಿಲ್ಲ. ನಿಂಗೆ ಆರು ವರ್ಷ ಇದ್ದಾಗ ಜಗಲಿ ಮೇಲೆ ಕಾಲು ಚಾಚಿ ಕೂತಿದ್ದಕ್ಕೆ ತೊಡೆಗೆ ಹೊಡೆದವಳು ನಾನೇ, ನೆನಪಿದ್ಯೋ ಇಲ್ವೋ. ಮುಂದಿನ ಸಲ ಬಂದಾಗ ನನ್ನ ಮುಖದ ಮುಂದೇನೇ ಚಾಚ್ಕೊಂಡು ಕೂತ್ಕೊ.

ಈಗ ಮೊದ್ಲು ಆ ಕಾಲಿಂದು ಫೋಟೋ ಕಳ್ಸು, ಒಳಗಡೆ ಗಂಟಿನ ಹತ್ರ ಚರ್ಮ ಕಪ್ಪಾಗಿದ್ಯಾ ಅಂತ ನಾನು ನೋಡ್ಬೇಕು. ಹಗಲು ಬೆಳಕಲ್ಲಿ, ನಿಂತ್ಕೊಂಡೇ ತೆಗ್ಸು, ಮಲಗಿದ್ರೆ ಉಬ್ಬು ಇಳ್ದೋಗಿ ಏನೂ ಕಾಣಲ್ಲ.

ನಿನ್ನ
ದೊಡ್ಡಮ್ಮ