ಚೇಂಬರ್ ಕೊರೆದ ಮಾತ್ರಕ್ಕೆ .222 ರೈಫಲ್ .223 ಆಗದು

ಮಾನ್ಯ ಸಂಪಾದಕರೇ,

ಬೆಳೆಗೆ ಕಾಟ ಕೊಡುವ ಸಣ್ಣ ಪ್ರಾಣಿಗಳಿಗೆ ಬಳಸುವ .222 ರೆಮಿಂಗ್ಟನ್ ರೈಫಲ್‌ನ ಚೇಂಬರನ್ನು (ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡು) ರೀಮರ್ ಎಂಬ ಕೊರೆಯುವ ಉಪಕರಣದಿಂದ ಒಂದಿಷ್ಟು ಕೊರೆದರೆ .223 ತೋಟಾದ ರೈಫಲ್ ಆಗಿಬಿಡುತ್ತದೆ ಎಂಬ ಮಾತು ಹವ್ಯಾಸಿಗಳಲ್ಲಿ ಚಾಲ್ತಿಯಲ್ಲಿದೆ. ಮಾತು ಪೂರ್ತಿ ಸುಳ್ಳಲ್ಲ. ಎರಡೂ ತೋಟಾಗಳ ಬುಡ ಒಂದೇ ಅಳತೆಯದು, ಗುಂಡಿನ ವ್ಯಾಸವೂ .224 ಇಂಚೇ, ಬೋಲ್ಟ್ (ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ) ಬದಲಿಸುವ ತಾಪತ್ರಯವಿಲ್ಲ. .223ರ ಕೇಸು (ತೋಟಾದ ಲೋಹದ ಕೋಶ) ಸುಮಾರು 1.5 ಮಿ.ಮೀ. ಹೆಚ್ಚು ಉದ್ದ, ಕುತ್ತಿಗೆಯತ್ತ ಕಿರಿದಾಗುವ ಅದರ ಭುಜ ನಾಲ್ಕು ಮಿ.ಮೀ.ಗೂ ಹೆಚ್ಚು ಮುಂದಿರುತ್ತದೆ. ಹಾಗಾಗಿ ಹೊಸ ಚೇಂಬರ್ ಹಳೆಯದನ್ನು ಬಹುಮಟ್ಟಿಗೆ ನುಂಗಿಹಾಕುತ್ತದೆ.

ತೊಡಕು ನಳಿಗೆಯ ತಿರುಪಿನಲ್ಲಿದೆ, ಅಂದರೆ ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೀರಿನಲ್ಲಿ. .222 ನಳಿಗೆಗಳಲ್ಲಿ ಸಾಮಾನ್ಯವಾಗಿ 14 ಇಂಚಿಗೆ ಒಂದು ಸುತ್ತು. 40ರಿಂದ 55 ಗ್ರೇನ್ ತೂಕದ ಗುಂಡಿಗೆ ಅದು ಸಾಕು. 69 ಅಥವಾ 77 ಗ್ರೇನ್‌ನ ಉದ್ದ ಗುಂಡು ಹಾಕಿದರೆ ಅದು ಪಲ್ಟಿ ಹೊಡೆಯುತ್ತಾ ಹೋಗಿ ಗುರಿಹಲಗೆಯಲ್ಲಿ ಅಡ್ಡ ತೂತು ಬೀಳುತ್ತದೆ. ಭಾರದ ಗುಂಡಿನ ಆಸೆಗೆ ಚೇಂಬರ್ ಕೊರೆಯಿಸುವವರು ದುಡ್ಡು ಕಳೆದುಕೊಳ್ಳುತ್ತಾರೆ, ಅಷ್ಟೆ. ತೋಟಾ ತುಂಬುವ ಮ್ಯಾಗಜೀನನ್ನೂ ಅಳೆದು ನೋಡಬೇಕು: .222 ತೋಟಾದ ಪೂರ್ಣ ಉದ್ದ 54.1 ಮಿ.ಮೀ., .223ರದು 57.4. ಗರಿಷ್ಠ ಒತ್ತಡವೂ 50,000 ಪಿಎಸ್‌ಐನಿಂದ (ಚದರ ಇಂಚಿಗೆ ಪೌಂಡ್) 55,000ಕ್ಕೆ ಏರುತ್ತದೆ. ಹಳೆಯ ಆ್ಯಕ್ಷನ್ (ಬೋಲ್ಟ್ ಮತ್ತು ಅದು ಕೂರುವ ಚೌಕಟ್ಟು) ಅದನ್ನು ತಾಳುತ್ತದೆಯೇ ಎಂಬುದು ಮೊದಲೇ ಇತ್ಯರ್ಥವಾಗಬೇಕು. ಸುಟ್ಟು ಸವೆದ ಗಂಟಲು (ಚೇಂಬರ್ ಮುಗಿದು ನಳಿಗೆ ಶುರುವಾಗುವ ಜಾಗ) ಹೊಸ ಚೇಂಬರ್‌ನಿಂದ ಸರಿಹೋಗುತ್ತದೆ ಎಂದು ನಂಬುವವರೂ ಇದ್ದಾರೆ. ಗಂಟಲು ಮುಂದೆ ಸರಿಯುವುದು ಒಂದೂವರೆ ಮಿ.ಮೀ. ಮಾತ್ರ, ಬಿಸಿಗೆ ಬಿಟ್ಟ ಬಿರುಕು ಅದಕ್ಕಿಂತ ಬಹಳ ಮುಂದಕ್ಕೆ ಹಬ್ಬಿರುತ್ತದೆ.

ಇನ್ನು ಕೆಲಸದ ವಿಷಯ. ಪರವಾನಗಿ ಇರುವ ಕುಶಲಕರ್ಮಿಗೇ ಇದನ್ನು ಒಪ್ಪಿಸಬೇಕು. ಲೇತ್‌ನಲ್ಲಿ ನಳಿಗೆಯನ್ನು ಹೊರಮೈ ನೋಡಿ ಕೂರಿಸಿದರೆ ಸಾಲದು, ಒಳಗಿನ ಕೊಳವೆಯನ್ನೇ ಡಯಲ್ ಇಂಡಿಕೇಟರ್ ಎಂಬ ಸೂಕ್ಷ್ಮ ಅಳತೆಯ ಉಪಕರಣದಿಂದ ನೇರ ಮಾಡಬೇಕು. ಹೊರಮೈಗೂ ಒಳಕೊಳವೆಗೂ ಕೇಂದ್ರ ಒಂದೇ ಇರುವುದು ಅಪರೂಪ. ರೀಮರ್‌ನ ಮುಂತುದಿಯ ಪೈಲಟ್ (ದಾರಿ ತೋರುವ ಮೂತಿ) ಕೊಳವೆಯಲ್ಲಿ ಸಡಿಲವಾಗಿದ್ದರೆ ಚೇಂಬರ್ ಓರೆಯಾಗುತ್ತದೆ. ನಿಧಾನ ವೇಗ, ಧಾರಾಳ ಕಟಿಂಗ್ ಆಯಿಲ್, ಮಿಲಿಮೀಟರಿಗೊಮ್ಮೆ ಹೊರತೆಗೆದು ಲೋಹದ ಚೂರು ಒರೆಸುವ ತಾಳ್ಮೆ ಬೇಕು. ರೀಮರನ್ನು ಹಿಮ್ಮುಖ ತಿರುಗಿಸಿದರೆ ಅಲಗು ಕೆಡುತ್ತದೆ. ಒಂದು ಚೂರು ಅಲಗಿಗೆ ಅಂಟಿದರೂ ಗೋಡೆಯ ಮೇಲೆ ಉಂಗುರದಂಥ ಗೀರು ಬೀಳುತ್ತದೆ, ಗುಂಡು ಹಾರಿದ ಮೇಲೆ ಕೇಸು ಅದಕ್ಕೆ ಕಚ್ಚಿಕೊಂಡು ಈಚೆ ಬರುವುದಿಲ್ಲ.

ಕೊನೆಯ ಕೆಲವು ಸಾವಿರಾಂಶ ಇಂಚಿನಲ್ಲೇ ಹೆಚ್ಚಿನವರು ಎಡವುವುದು. ಬೋಲ್ಟ್‌ನಲ್ಲಿರುವ ಫೈರಿಂಗ್ ಪಿನ್, ಕೇಸನ್ನು ಎಳೆದು ತೆಗೆಯುವ ಎಕ್ಸ್‌ಟ್ರ್ಯಾಕ್ಟರ್ ಬಿಚ್ಚಿಟ್ಟು ಚೇಂಬರ್‌ನ ಆಳ ಅಳೆಯುವ ಗೇಜ್ ಹಾಕಬೇಕು, ಇಲ್ಲದಿದ್ದರೆ ಬೋಲ್ಟ್ ಕೈಗೆ ಸುಳ್ಳು ಹೇಳುತ್ತದೆ. ಕನಿಷ್ಠ ಆಳದ 'ಗೋ' ಗೇಜ್ ಮೇಲೆ ಬೋಲ್ಟ್ ಮುಚ್ಚಬೇಕು, ಮಿತಿ ಮೀರಿದ ಆಳದ 'ನೋ-ಗೋ' ಮೇಲೆ ಮುಚ್ಚಬಾರದು. ಅತಿಯಾಗಿ ಕೊರೆದುಬಿಟ್ಟರೆ ಲೋಹವನ್ನು ಮತ್ತೆ ತುಂಬಲಾಗದು. ನಳಿಗೆಯ ಬುಡ ಕತ್ತರಿಸಿ, ಹಿಂದಕ್ಕೆ ಸರಿಸಿ, ಮತ್ತೆ ಕೊರೆಯಬೇಕು. ಹಾಗೆ ಮಾಡದೆ ಬಳಸಿದರೆ ಹಾರಿಸಿದ ಕೇಸಿನ ಬುಡದ ಸ್ವಲ್ಪ ಮೇಲೆ ಹೊಳೆಯುವ ಗೆರೆ ಕಾಣಿಸುತ್ತದೆ. ಕೇಸು ಅಲ್ಲೇ ಹಿಗ್ಗಿ ತೆಳುವಾಗಿದೆ, ಮುಂದೆ ತುಂಡಾಗುವುದೂ ಅಲ್ಲೇ.

.22 ಎಲ್‌ಆರ್ (ಲಾಂಗ್ ರೈಫಲ್) ಎಂಬ ಕಡಿಮೆ ಶಕ್ತಿಯ ತೋಟಾದ ರೈಫಲನ್ನು ಹೆಚ್ಚು ಒತ್ತಡದ .22 ಹಾರ್ನೆಟ್ ತೋಟಾಕ್ಕೆ ತಿರುಗಿಸುವ ಯೋಚನೆಯನ್ನಂತೂ ಕೈಬಿಡಬೇಕು. 24,000 ಪಿಎಸ್‌ಐ ಲೆಕ್ಕದಲ್ಲಿ ಕಟ್ಟಿದ ಆ್ಯಕ್ಷನ್ ಅದು.

ಕೊರೆದ ಮೇಲೆ ನಳಿಗೆಯ ಮೇಲಿನ ಹಳೆಯ .222 ಗುರುತನ್ನು ಅಳಿಸಿ .223 ಎಂದು ಕಡ್ಡಾಯವಾಗಿ ಒತ್ತಿಸಬೇಕು. ಗುರುತು ಹಳೆಯದೇ ಉಳಿದರೆ ಮುಂದೆ ಅದು ಯಾರ ಕೈಸೇರಿದರೂ .222 ತೋಟಾವನ್ನೇ ತುಂಬುತ್ತಾರೆ. ಅದರ ಭುಜಕ್ಕೆ ಮುಂದೆ ಆಸರೆ ಇರುವುದಿಲ್ಲ, ಕೇಸು ಚೇಂಬರ್‌ನೊಳಗೇ ಸೀಳಬಹುದು.

– ಒಬ್ಬ ಓದುಗ