ಹಳೆಯ ಫೋಟೊಗಳಿಗೆ ಯಾವ ಸ್ಕ್ಯಾನರ್?

ಮಾನ್ಯ ಸಂಪಾದಕರೇ,

ಹಳೆಯ ಆಲ್ಬಮ್‌ಗಳನ್ನು ಕಂಪ್ಯೂಟರಿಗೆ ಹಾಕಿಡೋಣ ಅಂತ ಈಗ ಎಷ್ಟೋ ಮನೆಗಳಲ್ಲಿ ಯೋಚಿಸುತ್ತಿದ್ದಾರೆ. ಅಂಗಡಿಗೆ ಹೋದರೆ, ಪ್ರಿಂಟು, ಜೆರಾಕ್ಸು, ಸ್ಕ್ಯಾನು ಮೂರೂ ಒಂದರಲ್ಲೇ ಇದೆ ಅಂತ ಆಲ್-ಇನ್-ಒನ್ ಪ್ರಿಂಟರನ್ನೇ ತೋರಿಸುತ್ತಾರೆ. ನಾನೂ ಅದನ್ನೇ ತಂದೆ. ಮಾರ್ಕ್ಸ್ ಕಾರ್ಡ್, ಪಹಣಿಗೆ ಅದು ಧಾರಾಳ ಸಾಕು. ಮಟ್ಟಸವಾಗಿರುವ ಫೋಟೊ ಪ್ರಿಂಟ್‌ಗಳೂ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಚೆನ್ನಾಗಿಯೇ ಬರುತ್ತವೆ.

ಕಷ್ಟ ಆಗಿದ್ದು ಅಪ್ಪ ತೆಗೆದಿದ್ದ ನೆಗೆಟಿವ್‌ಗಳಿಗೆ. ಬರೀ ಕಪ್ಪು ಪಟ್ಟಿ ಬಂತು. ಫಿಲ್ಮ್ ಸ್ಕ್ಯಾನ್ ಆಗಬೇಕಾದರೆ ಬೆಳಕು ಅದರ ಮೂಲಕ ಹಾಯಬೇಕು, ಮಾಮೂಲಿ ಆಲ್-ಇನ್-ಒನ್‌ನಲ್ಲಿ ದೀಪ ಗಾಜಿನ ಕೆಳಗೆ ಮಾತ್ರ ಇರುತ್ತದೆ. ಎಪ್ಸನ್ ವಿ600 ತರಹದ ಫೋಟೊ ಸ್ಕ್ಯಾನರಿನ ಮುಚ್ಚಳದಲ್ಲೂ ದೀಪವಿದೆ. 35 ಎಂಎಂ ಫಿಲ್ಮಿನಲ್ಲಿ ಒಂದು ಚಿತ್ರದ ಅಗಲ 36 ಮಿ.ಮೀ. ಅಷ್ಟೇ, 300 ಡಿಪಿಐನಲ್ಲಿ ಸಿಗೋದು ಸುಮಾರು 425 ಪಿಕ್ಸೆಲ್, 2400ಕ್ಕೆ ಇಟ್ಟರೆ 3400, ಎಷ್ಟು ವ್ಯತ್ಯಾಸ ಅಲ್ವಾ? ಇನ್ನೊಂದು ವಿಷಯ. ಆಲ್-ಇನ್-ಒನ್‌ಗಳಲ್ಲಿ ಹೆಚ್ಚಾಗಿ ಇರುವ ಸಿಐಎಸ್ ಅನ್ನೋ, ಚಿತ್ರವನ್ನು ಓದುವ ಸೆನ್ಸರ್‌ಗೆ ಚಿತ್ರ ಗಾಜಿಗೆ ಅಂಟಿಕೊಂಡೇ ಇರಬೇಕು, ಸುರುಳಿಯಾದ ಫೋಟೊ ಸ್ವಲ್ಪ ಎದ್ದರೂ ಮಸುಕಾಗುತ್ತದೆ. ವಿ600ನಲ್ಲಿರುವ ಸಿಸಿಡಿ ಅನ್ನೋ ಬೇರೆ ಬಗೆಯ ಸೆನ್ಸರ್ ಇದನ್ನು ಜಾಸ್ತಿ ತಡೆದುಕೊಳ್ಳುತ್ತದೆ.

ಆದರೆ ಫೋಟೊ ಸ್ಕ್ಯಾನರ್ ಅಂತ ಮಾರುವ ಎಲ್ಲದರಲ್ಲೂ ಫಿಲ್ಮ್ ದೀಪ ಇರಲ್ಲ, ಕೇಳಿಯೇ ಕೊಳ್ಳಿ. ಬರೀ ಪ್ರಿಂಟ್‌ಗಳಿದ್ದರೆ ಸುಮ್ನೆ ಅಷ್ಟು ದುಡ್ಡು ಹಾಕಬೇಡಿ. ನೆಗೆಟಿವ್ ಇರುವ ಎಲ್ಲರಿಗೂ ಇದನ್ನು ಕೊಳ್ಳೋಕೆ ಆಗಲ್ಲ, ಹಾಗಾಗಿ ಜಿಲ್ಲಾ ಕೇಂದ್ರ ಗ್ರಂಥಾಲಯಗಳಲ್ಲಿ ಒಂದೊಂದು ಫಿಲ್ಮ್ ಸ್ಕ್ಯಾನರ್ ಇಟ್ಟು ಜನರಿಗೆ ಬಳಸಲು ಕೊಡಬೇಕು ಅಂತ ಸರ್ಕಾರವನ್ನು ಕೇಳಿಕೊಳ್ಳುತ್ತೇನೆ.

– ಓದುಗ, ತುಮಕೂರು