ಲಿಫ್ಟ್‌ನ ಜಾಗ ನಕ್ಷೆಯಲ್ಲೇ ತೀರ್ಮಾನವಾಗಲಿ: ಪಾಲಿಕೆ ಆಯುಕ್ತರಿಗೊಂದು ಬಹಿರಂಗ ಪತ್ರ

ಗೆ,
ಆಯುಕ್ತರು,
ಶಿವಮೊಗ್ಗ ಮಹಾನಗರ ಪಾಲಿಕೆ

ಮಾನ್ಯರೇ,

ಹಂಚಿನ ಮನೆಗಳಿದ್ದ ನಿವೇಶನಗಳಲ್ಲಿ ಈಗ ಮೂರು, ನಾಲ್ಕು ಅಂತಸ್ತಿನ ಕಟ್ಟಡಗಳು ಏಳುತ್ತಿವೆ. ಮಳಿಗೆ, ಮೆಟ್ಟಿಲು, ಪಾರ್ಕಿಂಗ್‌ಗೆಂದು ಜಾಗ ಹಂಚಿದ ನಂತರ, ಮಿಕ್ಕ ಮೂಲೆಯಲ್ಲಿ ಹಿಡಿಸುವ ಲಿಫ್ಟನ್ನು ಕೊನೆಗೆ ಹುಡುಕುವ ರೂಢಿ ಬೆಳೆದಿದೆ. ಲಿಫ್ಟ್‌ನ ಪೂರ್ಣ ವಿವರವಿಲ್ಲದ ನಕ್ಷೆಗೆ ಮಂಜೂರಾತಿ ನೀಡಬಾರದೆಂಬುದು ನನ್ನ ವಿನಂತಿ.

ಮಿಕ್ಕ ಮೂಲೆಯಲ್ಲಿ ಸಾಮಾನ್ಯವಾಗಿ ಕೂರುವುದು ಆರು ಜನರ, ಅಂದರೆ 408 ಕಿಲೋ ಸಾಮರ್ಥ್ಯದ ಲಿಫ್ಟ್. ಅದರ ಒಳ ಅಳತೆ ಸುಮಾರು 1,100ಕ್ಕೆ 1,000 ಮಿಲಿಮೀಟರ್, ಬಾಗಿಲು 700. ಗಾಲಿಕುರ್ಚಿಗೇ ಇಕ್ಕಟ್ಟು, ಸ್ಟ್ರೆಚರ್‌ನ ಮಾತು ದೂರವೇ ಉಳಿಯಿತು. ಅಂಗವಿಕಲರ ಬಳಕೆಗೆಂದು ರಾಷ್ಟ್ರೀಯ ಕಟ್ಟಡ ಸಂಹಿತೆಯ 2005ರ ಆವೃತ್ತಿ ಸೂಚಿಸಿದ್ದ ಹದಿಮೂರು ಜನರ ಲಿಫ್ಟ್‌ಗೆ 2,000ಕ್ಕೆ 1,100ರ ಒಳ ಅಳತೆ, 900 ಮಿಲಿಮೀಟರ್ ಬಾಗಿಲು ಬೇಕು. ಮಷೀನ್ ರೂಮ್ ಇಲ್ಲದ ಮಾದರಿ ಆರಿಸಿದರೆ ತಾರಸಿಯ ಮೇಲೆ ಕೋಣೆ ಕಟ್ಟುವುದು ತಪ್ಪೀತೇ ಹೊರತು ಲಿಫ್ಟ್ ಏರಿಳಿಯುವ ಗೋಡೆಗಳ ನಡುವಿನ ಜಾಗ, ಅಂದರೆ ಶಾಫ್ಟ್, ಹಿಗ್ಗುವುದಿಲ್ಲ.

ನಮ್ಮ ಊರಿಗೆ ಇನ್ನೂ ದೊಡ್ಡ ತೊಡಕು ಪಿಟ್‌ನದು. ನೆಲ ಅಂತಸ್ತಿಗಿಂತ ಕೆಳಗಿರುವ ಈ ಗುಂಡಿಗೆ ಆಷಾಢದ ಮಳೆಯಲ್ಲಿ ಸುತ್ತಲಿನ ಒರತೆ ಜಿನುಗುತ್ತದೆ. ಅಲ್ಲಿರುವ, ಕ್ಯಾಬಿನ್ ತಳಕ್ಕೆ ಬಡಿಯುವ ಹೊಡೆತ ತಾಳುವ ಬಫರ್, ಸ್ವಿಚ್ಚುಗಳು, ವೇಗ ಮಿತಿಮೀರಿದಾಗ ಕ್ಯಾಬಿನ್ನನ್ನು ಹಿಡಿದು ನಿಲ್ಲಿಸುವ ಸಾಧನವನ್ನು ಚಾಲೂ ಮಾಡುವ ಗವರ್ನರ್‌ನ ಕೆಳಗಿನ ರಾಟೆ, ಎಲ್ಲವೂ ಸುರಕ್ಷತೆಗೆ ಸಂಬಂಧಿಸಿದವು. ತುಕ್ಕು ಹಿಡಿಯುವುದೂ ಅವಕ್ಕೇ. ಅಡಿಪಾಯದ ಹಂತದಲ್ಲೇ ತಳ ಮತ್ತು ಗೋಡೆಗಳನ್ನು ಒಂದೇ ಕಾಂಕ್ರೀಟ್ ಪೆಟ್ಟಿಗೆಯಾಗಿ ಕಟ್ಟಿ ಹೊರಗಿನಿಂದ ಜಲನಿರೋಧಕ ಲೇಪ ಹಾಕಿದರೆ ಇದು ದೊಡ್ಡ ಖರ್ಚಲ್ಲ. ಆಮೇಲೆ ಒಳಗಿನಿಂದ ಬಳಿಯುವ ರಾಸಾಯನಿಕವನ್ನು ಹೊರಗಿನ ನೀರಿನ ಒತ್ತಡ ಎಬ್ಬಿಸಿಬಿಡುತ್ತದೆ.

ಮಳೆಗಾಲಕ್ಕೆ ಕರೆಂಟು ಹೋಗುವುದೂ ಜೊತೆಗೂಡುತ್ತದೆ. ಜನರೇಟರ್ ಇದೆಯೆಂದು ಅನೇಕರು ರಕ್ಷಣಾ ಸಾಧನವನ್ನು, ಅಂದರೆ ಎಆರ್‌ಡಿಯನ್ನು, ಕೈಬಿಡುತ್ತಾರೆ. ಜನರೇಟರ್ ಶುರುವಾಗದಿದ್ದಾಗಲೂ ಬ್ಯಾಟರಿಯಿಂದ ಲಿಫ್ಟನ್ನು ಸಮೀಪದ ಅಂತಸ್ತಿಗೆ ತಂದು ಬಾಗಿಲು ತೆರೆಯುವುದು ಎಆರ್‌ಡಿಯೇ.

ಕರ್ನಾಟಕದ 2012ರ ಲಿಫ್ಟ್ ಕಾಯ್ದೆಯಂತೆ ಪರವಾನಗಿ ಮತ್ತು ತಪಾಸಣೆ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಸೇರಿದ್ದು ಎಂಬ ಉತ್ತರ ತಮ್ಮ ಕಚೇರಿಯಿಂದ ಬರಬಹುದು. ಆ ಮಾತು ಸರಿಯೇ. ಆದರೆ ಅಳವಡಿಸಿದ ಲಿಫ್ಟನ್ನು ಪರೀಕ್ಷಿಸುವ ಹೊತ್ತಿಗೆ ಗೋಡೆಗಳು ನಿಂತಾಗಿರುತ್ತವೆ. ಗೋಡೆ ಏಳುವ ಮುನ್ನ ಪ್ರಶ್ನಿಸುವ ಅಧಿಕಾರ ಪಾಲಿಕೆಯದು.

ಆದ್ದರಿಂದ ಶಾಫ್ಟ್‌ನ ಒಳ ಅಳತೆ, ಬಾಗಿಲಿನ ಅಗಲ, ಪಿಟ್‌ನ ಆಳ ಹಾಗೂ ಜಲನಿರೋಧಕ ವಿಧಾನ ನಕ್ಷೆಯಲ್ಲಿರಲಿ, ಸ್ವಾಧೀನಾನುಭವ ಪತ್ರ ಕೊಡುವ ಮುನ್ನ ತಮ್ಮ ಇಂಜಿನಿಯರ್ ಪಿಟ್‌ಗೆ ಒಮ್ಮೆ ಇಳಿದು ನೋಡಲಿ. ಪಾಲಿಕೆಯೇ ಕಟ್ಟಿಸುವ ಮುಂದಿನ ಕಟ್ಟಡದಿಂದ ಈ ಕ್ರಮ ಆರಂಭವಾದರೆ ಖಾಸಗಿಯವರಿಗೆ ನೆಪ ಹೇಳಲು ಅವಕಾಶವಿರುವುದಿಲ್ಲ.

ಇತಿ,
ಶಿವಮೊಗ್ಗದ ಒಬ್ಬ ನಿವಾಸಿ